ಗಾದಿಯ ಮೇಲಿನ ನೀಲಿ ಚುಕ್ಕಿ

ಮೊದಲ ದಿನವೇ ಸಾಬೀರಾ ಅವನನ್ನು ಕ್ಲಾಸಿನಿಂದ ಹೊರಗೆ ಹಾಕಿದಳು.

ಹಾಕದೆ ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ. ಗದಗಿನ ಕಾಲೇಜೊಂದರಲ್ಲಿ ಚೀನೀ ಭಾಷೆ ಕಲಿಸುತ್ತಾರಂತೆ ಎಂಬ ಸುದ್ದಿಗೇ ಊರು ನಗುತ್ತಿತ್ತು. ಕಲಿಸುವವಳು ಬೆಟಗೇರಿಯ ಹುಡುಗಿಯಂತೆ ಎಂದಾಗ ಇನ್ನಷ್ಟು ನಕ್ಕಿತು. ಅಂಥದರಲ್ಲಿ ಅವಳು ಎದೆ ಗಟ್ಟಿಮಾಡಿಕೊಂಡು ಬಂದು, ಬಿ.ಎಸ್ಸಿ. ಓದುವ ಹುಡುಗ ಹುಡುಗಿಯರ ಮುಂದೆ ನಿಂತು, ‘ಮಾ’ ಎಂಬ ಒಂದೇ ಸದ್ದನ್ನು ನಾಲ್ಕು ಬಗೆಯಲ್ಲಿ ಎಳೆದು, ಎಳೆತ ಬದಲಾದರೆ ಅರ್ಥವೂ ಬದಲು ಎಂದು ತೋರಿಸುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಲಾಸ್ಟ್ ಬೆಂಚ್! ಕಿವಿಗೆ ನೀಲಿ ಪೆನ್ಸಿಲ್ ಸಿಗಿಸಿಕೊಂಡಾವ್ರು! ಎದ್ದು ಹೊರಗ ನಡೀರಿ.”

ಅವನು ಎದ್ದ. ಎತ್ತರದ ಆಳು. ತೋಳು ಮಡಚಿದ ಬಿಳಿ ಅಂಗಿ. ಗುಂಗುರು ಕೂದಲಿನಲ್ಲಿ ಹತ್ತಿಯ ಒಂದು ಎಳೆ ಸಿಕ್ಕಿಕೊಂಡಿತ್ತು. ತಪ್ಪು ಮಾಡಿದವನ ಮುಖ ಮಾಡಲು ನೋಡಿದ, ಆದರೆ ಕಣ್ಣು ನಗುವುದನ್ನು ಬಿಡಲಿಲ್ಲ. “ಆತ್ರಿ ಮೇಡಂ,” ಎಂದವನೇ ಹೊರಗೆ ಹೋಗಿ ಸದ್ದಾಗದಂತೆ ಬಾಗಿಲು ಎಳೆದುಕೊಂಡ. ಕ್ಲಾಸಿಗೆ ಕ್ಲಾಸೇ ಉಸಿರು ಬಿಗಿಹಿಡಿದು ಕೂತಿತ್ತು. ತನಗೇ ಹೆದರಿದರು ಎಂದು ಸಾಬೀರಾ ಒಳಗೊಳಗೇ ಬೀಗಿದಳು.

ಗಂಟೆ ಹೊಡೆದ ಮೇಲೆ ಮುಂದಿನ ಬೆಂಚಿನ ಫಕ್ಕೀರಪ್ಪ ಎಂಬ ವಿದ್ಯಾರ್ಥಿ ಮೆಲ್ಲಗೆ ಹತ್ತಿರ ಬಂದ. “ಮೇಡಂ, ಅವರು ಸ್ಟೂಡೆಂಟ್ ಅಲ್ರೀ. ನಮ್ಮ ಬಾಟನಿ ಲೆಕ್ಚರರ್, ಲಾಡಸಾಬ ನದಾಫ ಸರ್. ಚೇರ್ಮನ್ನರ ಜೋಡಿ ವಾದಾ ಹಾಕಿ ಈ ಕ್ಲಾಸ್ ಸುರು ಮಾಡ್ಸಿದವ್ರ ಅವರು.”

ನಿಂತ ನೆಲ ಬಾಯಿ ಬಿಡಬಾರದೆ ಅನ್ನಿಸಿತು ಅವಳಿಗೆ.

ಲಾಡಸಾಬ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

“ತಪ್ಪಾತ್ರಿ ಸರ್. ನನಗ ಗೊತ್ತಿರ್ಲಿಲ್ಲ.”

“ನಿಮ್ದೇನ್ ತಪ್ಪ್ರೀ? ಕ್ಲಾಸಿನಾಗ ನಕ್ಕಾಂವನ್ನ ಹೊರಗ ಹಾಕೂದು ಬರೋಬ್ಬರಿನ ಐತಿ.”

“ಆದ್ರೂ... ನಕ್ಕಿದ್ದ್ಯಾಕ್ರಿ?”

“ಹೇಳಿದ್ರ ಮತ್ತ ಸಿಟ್ಟಿಗೇಳ್ತೀರಿ. ನಿಮ್ಮ ನಾಲ್ಕನೇ ‘ಮಾ’ ಕೇಳಿ ನಮ್ಮೂರಾಗಿನ ಎಮ್ಮಿ ನೆನಪಾತು. ಕರೂನ ಕರೀಬೇಕಾದ್ರ ಬರೋಬ್ಬರಿ ಹಂಗ ಒದರತೈತಿ.”

ಸಾಬೀರಾ ಸಿಟ್ಟಿಗೇಳಬೇಕೆಂದೇ ಹುಬ್ಬು ಗಂಟು ಹಾಕಿದಳು. ತುಟಿ ಮಾತು ಕೇಳಲಿಲ್ಲ. ಮುಖ ಆಚೆ ತಿರುಗಿಸಿಕೊಂಡು ನಕ್ಕಳು. ಅದನ್ನು ಅವನು ನೋಡಿಯೇ ಬಿಟ್ಟ.

ಇದು ೧೯೮೧ರ ಮಳೆಗಾಲದ ಮಾತು. ಸಾಬೀರಾಳ ಅಪ್ಪ ಗುಡುಸಾಬ ಮಿಲಿಟರಿಯಲ್ಲಿ ಟ್ರಕ್ ಓಡಿಸುತ್ತಿದ್ದವನು. ಚೀನಾ ಯುದ್ಧದ ಹೊತ್ತಿನಲ್ಲಿ ಗಡಿಯಲ್ಲಿ ಚೀನೀ ಕರಪತ್ರ ಸಿಕ್ಕರೆ ಓದಿ ಹೇಳುವವರು ತನ್ನ ತುಕಡಿಯಲ್ಲಿ ಒಬ್ಬರೂ ಇರಲಿಲ್ಲವೆಂಬುದು ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಮುಂದೆ ದಿಲ್ಲಿಗೆ ವರ್ಗವಾದಾಗ ಹಟ ಹಿಡಿದು ಮಗಳನ್ನು ಚೀನೀ ಭಾಷೆಯ ಕೋರ್ಸಿಗೆ ಹಾಕಿದ. ರಿಟೈರ್ ಆಗಿ ಬೆಟಗೇರಿಗೆ ಮರಳಿದಾಗ ಮಗಳ ಕೈಯಲ್ಲಿ ಡಿಪ್ಲೊಮಾ ಇತ್ತು, ಅದನ್ನು ಕೇಳುವವರು ಇರಲಿಲ್ಲ. ನೋಡಲು ಬಂದ ಗಂಡಿನ ಕಡೆಯವರೆಲ್ಲ ಒಂದೇ ಮಾತು ಕೇಳುತ್ತಿದ್ದರು: “ಆ ಚೀನಾ ಗೀನಾ ಎಲ್ಲಾ ಬಿಡ್ತಾಳಲ್ರಿ?” ಬಿಡುವುದಿಲ್ಲ ಎಂದು ಅವಳು ಒಳಗಿನಿಂದಲೇ ಕೂಗಿ ಹೇಳುತ್ತಿದ್ದಳು. ಬಂದವರು ಚಹಾ ಕುಡಿದು ಹೋಗುತ್ತಿದ್ದರು.

ಲಾಡಸಾಬನಿಗೆ ಆ ಭಾಷೆ ಬೇಕಾದದ್ದು ಹತ್ತಿಗಾಗಿ. ಅವನು ಮುಂಡರಗಿ ಕಡೆಯ ಹಮ್ಮಿಗಿಯವನು. ಅಪ್ಪ ಇಸ್ಮಾಯಿಲಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವವನು. ರಜೆಗೆ ಹೋದಾಗಲೆಲ್ಲ ಮಗನೂ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ. ತಲೆಯಲ್ಲಿ ಸದಾ ಒಂದು ಎಳೆ ಸಿಕ್ಕಿಕೊಂಡಿರುತ್ತಿದ್ದುದು ಅದಕ್ಕೇ. ಧಾರವಾಡದ ಒಬ್ಬ ಹಿರಿಯ ಹತ್ತಿ ವಿಜ್ಞಾನಿ ತಮ್ಮಲ್ಲಿದ್ದ ಪತ್ರಿಕೆಗಳನ್ನೆಲ್ಲ ಎರಡು ಟ್ರಂಕು ತುಂಬಿ ಕಾಲೇಜಿಗೆ ಕೊಟ್ಟಿದ್ದರು. ಎಲ್ಲ ಹತ್ತಿ ಬೆಳೆಯ ಬಗ್ಗೆ, ಎಲ್ಲ ಚೀನೀ ಭಾಷೆಯಲ್ಲಿ.

“ಆ ಟ್ರಂಕಿನಾಗ ಏನೈತಿ ಅಂತ ನನಗ ತಿಳೀಬೇಕ್ರಿ,” ಎಂದ ಲಾಡಸಾಬ. “ನಮ್ಮ ಹುಡುಗರಿಗೂ ತಿಳೀಬೇಕು. ಅವರಿಗೆ ಮಾತಾಡಾಕ ಕಲಿಸಬ್ಯಾಡ್ರಿ. ಓದಾಕ ಕಲಸ್ರಿ.”

“ಭಾಷಾ ಅಂದ್ರ ಮೊದಲ ಬಾಯಿ, ಆಮ್ಯಾಲ ಕಣ್ಣು. ನಾನೂ ಹಂಗ ಕಲ್ತೀನಿ.”

“ಹಂಗ ಕಲ್ತು ಪುಸ್ತಕ ಓದಾಕ ಎಷ್ಟ ವರ್ಷ ಹಿಡೀತು?”

ಸಾಬೀರಾ ಪುಸ್ತಕವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

“ಚೇರ್ಮನ್ನರು ನಮಗ ಒಂದ ವರ್ಷ ಕೊಟ್ಟಾರ್ರಿ ಮೇಡಂ. ವರ್ಷದ ಕೊನೀಗೆ ಹುಡುಗರು ಒಂದು ಪುಟಾನಾದ್ರೂ ಓದಿ ತೋರಿಸ್ಬೇಕು. ಇಲ್ಲಂದ್ರ ಕ್ಲಾಸ್ ಬಂದ್. ಗದಗಿನಾಗ ಮಾತಾಡಾಕ ಯಾವ ಚೀನೀ ಮನಷ್ಯಾ ಸಿಗ್ತಾನ? ಎಮ್ಮಿ ಅಷ್ಟ ಸಿಗತಾವು.”

“ಮತ್ತ ಎಮ್ಮಿ ಸುದ್ದಿ ತಗದ್ರ ಮತ್ತ ಹೊರಗ ಹಾಕ್ತೀನಿ,” ಎಂದು ಸಾಬೀರಾ ಪುಸ್ತಕ ಎದೆಗವಚಿಕೊಂಡು ಬಿರಬಿರನೆ ನಡೆದಳು.

ಆದರೆ ಆ ಸಂಜೆ ಮನೆಯಲ್ಲಿ ಚಾಪೆಯ ಮೇಲೆ ಕೂತು, ಟ್ರಂಕಿನಿಂದ ತಂದ ಪತ್ರಿಕೆ ತೆರೆದಾಗ ಅವಳಿಗೇ ನಾಚಿಕೆಯಾಯಿತು. ಬಾಯಿಂದ ಅಷ್ಟು ಚೆಂದ ಚೀನೀ ಆಡುವವಳಿಗೆ ಹತ್ತಿಯ ಬಗ್ಗೆ ಒಂದು ಸಾಲು ನೆಟ್ಟಗೆ ಅರ್ಥವಾಗಲಿಲ್ಲ. ಬದಿಯ ಮನೆಯಲ್ಲಿ ಕಳಕವ್ವನ ಮಗ್ಗ ಖಟಕ್ ಖಟಕ್ ಎನ್ನುತ್ತಿತ್ತು. ಸಾಬೀರಾ ತಲೆಬರಹದಲ್ಲಿದ್ದ ‘ಹತ್ತಿ’ ಅಕ್ಷರವನ್ನೇ ನೋಡುತ್ತ ಕೂತಳು. ನೋಡುತ್ತ ನೋಡುತ್ತ ಥಟ್ಟನೆ ಎದ್ದು ಕುಣಿಯುವಷ್ಟು ಖುಷಿಯಾಯಿತು.

ಮರುದಿನ ಬೋರ್ಡಿನ ಮೇಲೆ ಅದೊಂದನ್ನೇ ದೊಡ್ಡದಾಗಿ ಬರೆದಳು.

“ಇದನ್ನ ಹೆಂಗ ಅನಬೇಕು ಅಂತ ಹೇಳೂದಿಲ್ಲ. ಬರೇ ನೋಡ್ರಿ. ಎಡಕ್ಕ ಇರೂದು ಮರ. ಬಲಕ್ಕ ಮ್ಯಾಲಿಂದು ಬಿಳಿ. ಅದರ ಕೆಳಗಿಂದು ಅರಿವಿ, ಬಟ್ಟಿ. ಮರ, ಬಿಳಿ, ಅರಿವಿ. ಏನಿದು?”

ಗದಗ ಸೀಮೆಯ ಮಕ್ಕಳಿಗೆ ಇದನ್ನು ಕೇಳಬೇಕೆ! “ಹತ್ತಿ!” ಎಂದು ಇಡೀ ಕೋಣೆ ಕೂಗಿತು. ಕೊನೆಯ ಬೆಂಚಿನಲ್ಲಿ ಲಾಡಸಾಬ ಮಾತ್ರ ಕೂಗಲಿಲ್ಲ. ಅವಳನ್ನೇ ನೋಡುತ್ತಿದ್ದ, ಬಾಯಿ ತುಸು ತೆರೆದೇ ಇತ್ತು. ಸಾಬೀರಾಳ ಕೈಯ ಸುಣ್ಣದ ಕಡ್ಡಿ ಮುರಿದು ಬಿತ್ತು.

ಹಾಗೆ ಶುರುವಾಯಿತು ನೋಡಿ ಆ ಓದು. ಉಚ್ಚಾರಣೆಯ ಗೊಡವೆಯೇ ಇಲ್ಲ. ಚೀನೀ ಅಕ್ಷರ ಕಣ್ಣಿಗೆ, ಕನ್ನಡ ಮಾತು ಬಾಯಿಗೆ. ಒಬ್ಬರು ಕೋಲಿನಿಂದ ಅಕ್ಷರ ತೋರಿಸುತ್ತ ಹೋಗುವುದು, ಉಳಿದವರು ಕನ್ನಡದಲ್ಲಿ ಹೇಳುತ್ತ ಹೋಗುವುದು. ಬೀಜ, ನೀರು, ಹೂವು, ಹುಳ, ಮಳೆ. ಹಿಂದಿ ಪರೀಕ್ಷೆಯಲ್ಲೇ ಪಲ್ಟಿ ಹೊಡೆದಿದ್ದ ಹುಡುಗರು ಚೀನೀ ಸಾಲು ಬಿಡಿಸುತ್ತ ಕೂತರು.

ಸಾಬೀರಾಳದು ಒಂದೇ ಕಟ್ಟಪ್ಪಣೆ. “ತಿಳೀಲಾರದ್ದು ಬಂದ್ರ ಅಲ್ಲೇ ನಿಂತು ಅಳಬ್ಯಾಡ್ರಿ. ಅದರ ಕೆಳಗ ಒಂದು ನೀಲಿ ಚುಕ್ಕಿ ಇಡ್ರಿ. ಬಿಟ್ಟು ಮುಂದ ಹೋಗ್ರಿ. ಆದ್ರ ವಾಪಸ್ ಬರೂದನ್ನ ಮರೀಬ್ಯಾಡ್ರಿ. ತಿಳಿದ ಮ್ಯಾಲ ಚುಕ್ಕಿ ಸುತ್ತ ಒಂದು ದುಂಡು ಬರೀರಿ. ಆವಾಗ ಅದು ನಿಮ್ದಾತು.”

ಒಂದು ದಿನ ‘ಹತ್ತಿ’ಯ ಪಕ್ಕದಲ್ಲಿ ‘ಗಂಟೆ’ ಎಂಬ ಅಕ್ಷರ ಬಂತು. ಡಿಕ್ಷನರಿ ನೋಡಿದರೂ ಗಂಟೆಯೇ. ಹತ್ತಿ ಹೊಲದಲ್ಲಿ ಎಲ್ಲಿಯ ಗಂಟೆ? ಎಲ್ಲರೂ ಚುಕ್ಕಿ ಇಟ್ಟು ಮುಂದೆ ಹೋದರು. ಪುಟದ ಕೊನೆಯ ಸಾಲಿನಲ್ಲಿ ಗಂಟೆ ಒಡೆಯಿತು, ಒಳಗಿನಿಂದ ಬಿಳಿಯದು ಹೊರಬಂತು. ಫಕ್ಕೀರಪ್ಪ ಬೆಂಚಿನಿಂದ ಜಿಗಿದೆದ್ದ. “ಮೇಡಂ, ಕಾಯಿ! ಹತ್ತಿ ಕಾಯಿರೀ! ಗಂಟಿ ಹಂಗ ಜೋತು ಬಿದ್ದಿರತೈತಲ್ರಿ!” ಅಂದು ಅವರು ಪುಟವೆಲ್ಲ ಹಿಂದೆ ಹೋಗಿ ಚುಕ್ಕಿಗೆಲ್ಲ ದುಂಡು ಬರೆದ ಸಂಭ್ರಮ ಹೇಳತೀರದು.

ಲಾಡಸಾಬನ ಪತ್ರಿಕೆಯಲ್ಲಿ ಮಾತ್ರ ಎಲ್ಲರಿಗಿಂತ ಹೆಚ್ಚು ಚುಕ್ಕಿಗಳಿರುತ್ತಿದ್ದವು. ಕ್ಲಾಸು ಮುಗಿದ ಮೇಲೆ ಅವುಗಳನ್ನು ಕೇಳಲು ಬರುತ್ತಿದ್ದ. ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡು ಹೊರಗೆ ಓಡುತ್ತಿದ್ದರು.

“ಇದು ನಿಮಗ ಗೊತ್ತೈತ್ರಿ ಸರ್. ಸೋಮವಾರ ನೀವ ಹೇಳೀರಿ.”

“ಮರ್ತೀನ್ರಿ.”

“ಬುಧವಾರ ಇದಕ್ಕ ದುಂಡು ಬರದಿದ್ರಿ. ಈಗ ಅಳಿಸಿ ಮತ್ತ ಚುಕ್ಕಿ ಅಷ್ಟ ಉಳಿಸೀರಿ.”

ಅವನು ಕಿವಿಯ ಹಿಂದಿನ ಪೆನ್ಸಿಲು ತಡವಿಕೊಂಡ. “ಮೇಡಂ, ನಿಮ್ಮ ಕಣ್ಣು ಭಾಳ ಚುರುಕ ಅದಾವು.”

“ನಿಮ್ಮ ರಬ್ಬರ್ ಭಾಳ ಸವದೈತಿ,” ಎಂದಳು ಅವಳು. ಇಬ್ಬರ ಕಿವಿಯೂ ಕೆಂಪಾದವು.

ಇನ್ನೊಂದು ದಿನ ಸೂರಿನ ಕೆಳಗೆ ಹೆಣ್ಣು ಕೂತಂತಿದ್ದ ಅಕ್ಷರ ಬಂತು. “ಶಾಂತಿ ಅಂತ ಅರ್ಥ,” ಎಂದು ಸಾಬೀರಾ ಹೇಳಿದಳು.

ಲಾಡಸಾಬ ಗಂಭೀರವಾಗಿ ತಲೆಯಾಡಿಸಿದ. “ಖರೆ ಐತ್ರಿ. ಮನಿಯೊಳಗ ಹೆಣ್ಣು ಇದ್ರ ಶಾಂತಿ.”

“ಯಾರಿಗೆ?” ಎಂದಳು ಸಾಬೀರಾ.

ಕ್ಲಾಸು ಗೊಳ್ಳೆಂದಿತು. ಲಾಡಸಾಬ ಅದರ ಕೆಳಗೂ ಒಂದು ಚುಕ್ಕಿ ಇಟ್ಟು, “ಇದಕ್ಕ ಆಮ್ಯಾಲ ವಾಪಸ್ ಬರ್ತೀನ್ರಿ,” ಎಂದ. ಅವನು ಆ ಮಾತು ಆಡಿದ ಬಗೆಗೆ ಅವಳಿಗೆ ಮನೆ ಮುಟ್ಟುವವರೆಗೂ ಎದೆ ನೆಟ್ಟಗೆ ಬಡಿದುಕೊಳ್ಳಲಿಲ್ಲ. ಪ್ರೀತಿ ಆಗಿಬಿಟ್ಟಿತ್ತು, ಇನ್ನೇನು. ಸ್ಟೇಶನ್ ರೋಡಿನ ಕಾಲೇಜಿನಿಂದ ಬೆಟಗೇರಿಯವರೆಗಿನ ಆ ಉದ್ದ ದಾರಿ ಅವಳಿಗೆ ಈಗ ಸಾಲುತ್ತಿರಲಿಲ್ಲ.

ಹೊಸ ಹತ್ತಿ ಬಂದ ಹೊತ್ತು ಅದು. ಲಾಡಸಾಬ ಸುಮ್ಮನೆ ಒಂದು ಮಾತು ಕೇಳಿದ: “ಮನಿಯಾಗ ಎಲ್ಲಿ ಕುಂತು ಇಷ್ಟ ಓದ್ತೀರಿ ಮೇಡಂ?”

“ಚಾಪಿ ಮ್ಯಾಲ್ರಿ. ನೆಲ ಕೊರದು ಸೊಂಟ ಹಿಡಕೊಂಡೈತಿ.”

ಅಷ್ಟೇ. ಹಮ್ಮಿಗಿಯಲ್ಲಿ ಮಕ್ಕಳಿಗೆ ವಿದ್ಯೆ ಹೇಳಿದ ಮಾಸ್ತರರಿಗೆ ಹೊಸ ಹತ್ತಿಯ ಗಾದಿ ಕೊಡುವುದು ಅವರ ಮನೆಯ ಪದ್ಧತಿ. ಅವನು ಅಪ್ಪನಿಗೆ ಹೇಳಿಕಳಿಸಿದ. ಮುಂದಿನ ವಾರ ಹಮ್ಮಿಗಿ ಬಸ್ಸಿನ ಟಾಪಿನ ಮೇಲೆ ಬಂದ ಗಾದಿ ಟಾಂಗಾ ಏರಿ ನೆಟ್ಟಗೆ ಗುಡುಸಾಬನ ಬಾಗಿಲಿಗೆ ಇಳಿಯಿತು.

ಈಗ ಬೆಟಗೇರಿಯ ಆ ಓಣಿಯ ರೂಢಿ ನಿಮಗೆ ಹೇಳಬೇಕು. ಅಲ್ಲಿ ಹಿಂದೂ, ಮುಸಲ್ಮಾನ ಯಾರೇ ಇರಲಿ, ಮದುವೆಗೆ ಬಂದ ಹುಡುಗಿ ಇರುವ ಮನೆಗೆ ಪರರ ಮನೆಯಿಂದ ಹೊಸ ಗಾದಿ ಬಂತೆಂದರೆ ನೆಂಟಸ್ತನ ಮುಗಿಯಿತೆಂದೇ ಅರ್ಥ. ಗಂಡಿನ ಕಡೆಯವರು ಕಳಿಸುವುದು, ಹುಡುಗಿಯ ಅಪ್ಪ ಒಪ್ಪಿದ ಮೇಲೆ ಕಳಿಸುವುದು. ಹಮ್ಮಿಗಿಯವನಿಗೆ ಇದೇನು ಗೊತ್ತು!

ಅದೂ ಹೋಗಲಿ ಎಂದರೆ, ಬಂದದ್ದು ಒಬ್ಬರು ಕೂತು ಓದುವ ಸಣ್ಣ ಗಾದಿಯಲ್ಲ. ಕೆಂಪು ಅಂಚು ಹೊಲಿದ, ಇಬ್ಬರು ಆರಾಮಾಗಿ ಮಲಗುವಂಥ ಗಾದಿ.

ಕಳಕವ್ವ ಮಗ್ಗ ಬಿಟ್ಟು ಓಡಿಬಂದಳು. “ಅಯ್ಯ ನಮ್ಮವ್ವಾ! ಸಾಬೀರಾಂದು ಗಟ್ಟಿ ಆತಂತ! ನಮಗೊಂದು ಖಬರ ಇಲ್ಲ! ಸಕ್ಕರಿ ಎಲ್ಲೆದಪ್ಪೋ ಗುಡುಸಾಬಣ್ಣಾ?” ಗಳಿಗೆಯೊಳಗೆ ಓಣಿಯೆಲ್ಲ ಬಾಗಿಲಲ್ಲಿ ನೆರೆಯಿತು. ಯಾರೋ ಗಾದಿ ಒತ್ತಿ ನೋಡಿ, ಹತ್ತಿ ಭೇಷ್ ಐತಿ ಎಂದರು.

ಗುಡುಸಾಬನ ಮುಖ ಕಪ್ಪಿಟ್ಟಿತು. ಬಾಗಿಲು ಮುಂದೆ ಮಾಡಿ ಮಗಳ ಕಡೆ ತಿರುಗಿದ. “ನನ್ನ ಕೇಳಲಿಲ್ಲ, ಹೇಳಲಿಲ್ಲ, ನನ್ನ ಮಗಳಿಗೆ ಗಾದಿ ಕಳಸ್ತಾರ! ನಾ ಜೀವಂತ ಇಲ್ಲೇನು?”

“ಅಪ್ಪಾ, ಅವರಿಗೆ ನಮ್ಮ ಓಣಿ ರೂಢಿ ಗೊತ್ತಿರಾಕಿಲ್ಲ...”

“ಗೊತ್ತಿಲ್ಲಂದ್ರ ಇಷ್ಟ ದೊಡ್ಡ ಗಾದಿ ಯಾಕ? ಕೆಂಪು ಅಂಚು ಯಾಕ? ನಿನ್ನ ನಾ ಓದಿಸಿದ್ದು ಮಂದಿ ಬಾಯಾಗ ಬೀಳಾಕಲ್ಲ. ಇದು ಈಗಿಂದೀಗ ವಾಪಸ್ ಹೋಗ್ಬೇಕು.”

ಅಪ್ಪ ಟಾಂಗಾದವನನ್ನು ಕೂಗಲು ಹೊರಗೆ ಹೋದ. ಸಾಬೀರಾ ಗಾದಿಯ ಮುಂದೆ ನಿಂತಳು. ಅಪ್ಪನ ಮಾತಿನಲ್ಲಿ ತಪ್ಪಿಲ್ಲ, ಕೇಳದೆ ಕಳಿಸಿದ್ದು ತಪ್ಪೇ. ಆದರೆ ಇದನ್ನು ಹೀಗೇ ಕಳಿಸಿದರೆ ಒಲ್ಲೆ ಎಂದಂತಾಗುತ್ತದೆ. ಅವಳು ಒಲ್ಲೆ ಎನ್ನುವವಳಲ್ಲ. ಬೇಕು ಎಂದು ಬಾಯಿಬಿಟ್ಟು ಹೇಳಲು ಇದು ಹೊತ್ತೂ ಅಲ್ಲ. ಸರಕ್ಕನೆ ನೀಲಿ ಪೆನ್ಸಿಲು ತಂದು, ನಾಲಿಗೆಗೆ ತಾಗಿಸಿ, ಗಾದಿಯ ಮೂಲೆಯಲ್ಲಿ ಒಂದು ದಪ್ಪ ಚುಕ್ಕಿ ಇಟ್ಟಳು. ಈಗ ಬಿಟ್ಟು ಮುಂದೆ ಹೋಗು, ಆದರೆ ವಾಪಸ್ ಬರುವುದನ್ನು ಮರೆಯಬೇಡ. ಅವನಿಗೆ ತಿಳಿಯದೆ ಇರುತ್ತದೆಯೇ?

ಮರುದಿನ ಅವಳು ತಲೆ ಎತ್ತಿಕೊಂಡೇ ಕಾಲೇಜಿಗೆ ಹೋದಳು. ಗುಡುಸಾಬ ತಡೆಯಲು ನೋಡಿದ. “ಗಾದಿ ವಾಪಸ್ ಕಳಸು ಅಂದಿ, ಕಳಿಸಿದೆ. ಪಾಠ ನಿಲ್ಲಸೂದಿಲ್ಲಪ್ಪಾ,” ಎಂದಳು. ಅವನು ದಾರಿ ಬಿಟ್ಟ, ಹಟ ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು.

ಕ್ಲಾಸಿನಲ್ಲಿ ಕೊನೆಯ ಬೆಂಚು ಖಾಲಿ ಇತ್ತು. ಆ ದಿನವೂ, ಮರುದಿನವೂ.

ಸುದ್ದಿ ಚೇರ್ಮನ್ ಹುಚ್ಚೀರಪ್ಪನವರಿಗೂ ಮುಟ್ಟಿತ್ತು. ಹತ್ತಿಯಿಂದ ಬೀಜ ಬಿಡಿಸುವ ದೊಡ್ಡ ಜಿನ್ನಿಂಗ್ ಫ್ಯಾಕ್ಟರಿಯ ಯಜಮಾನರು, ಮೊದಲಿನಿಂದಲೂ ಈ ಕ್ಲಾಸು ಕಂಡರಾಗದವರು. ಸಾಬೀರಾಳನ್ನು ಕರೆಸಿದರು. “ನೋಡವಾ, ನನ್ನ ತಮ್ಮ ಆ ಯುದ್ಧಕ್ಕ ಹೋಗಿ ಹಿಮದಾಗ ಕಾಲಿನ ಬೆರಳು ಕಳಕೊಂಡು ಬಂದಾನ. ಅವರ ಭಾಷಾ ನನ್ನ ಕಾಲೇಜಿನಾಗ ಕೇಳಿದ್ರ ನನಗ ಸೇರೂದಿಲ್ಲ. ಅದರ ಮ್ಯಾಲ ಈಗ ಈ ಗಾದಿ ರಾಮಾಯಣ. ಸಾಕು, ಬಂದ್ ಮಾಡೂಣ.”

“ನಮ್ಮಪ್ಪನೂ ಅದ ಯುದ್ಧದಾಗ ಇದ್ದ್ರಿ. ಅದಕ್ಕ ನನಗ ಕಲಿಸ್ಯಾನ,” ಎಂದಳು ಸಾಬೀರಾ. “ನೀವು ಒಂದು ವರ್ಷ ಅಂತ ಮಾತು ಕೊಟ್ಟೀರಿ. ವರ್ಷ ಮುಗದಿಲ್ರಿ. ನೀವ ಪರೀಕ್ಷಾ ಮಾಡ್ರಿ. ಸೋತ್ರ ನಾನ ಕೀಲಿ ಹಾಕಿ ಕೀಲಿಕೈ ನಿಮ್ಮ ಕೈಗೆ ಕೊಡ್ತೀನಿ.”

ಹುಚ್ಚೀರಪ್ಪನವರು ಮೀಸೆ ತೀಡಿದರು. “ನನಗ ಚೀನೀ ಬರೂದಿಲ್ಲ. ಆದ್ರ ಹತ್ತಿ ಬರತೈತಿ. ಹತ್ತಿ ಬಗ್ಗೆ ಸುಳ್ಳ ಹೇಳಿದ್ರ ನನಗ ಗೊತ್ತಾಗೂದಿಲ್ಲ ಅಂತ ತಿಳೀಬ್ಯಾಡ್ರಿ. ಆತು. ಆದ್ರ ಅವತ್ತು ನೀನೂ ಒಳಗ ಇರಬಾರದು, ಆ ನದಾಫ ಮಾಸ್ತರನೂ ಇರಬಾರದು.”

ಮೆಟ್ಟಿಲ ಮೇಲೆ ಲಾಡಸಾಬ ಎದುರಾದ. ಕಣ್ಣು ನೆಲಕ್ಕೆ ಹಾಕಿ ಪಕ್ಕಕ್ಕೆ ಸರಿದ.

“ಕ್ಲಾಸಿಗೆ ಯಾಕ ಬರವಲ್ರಿ?”

“ನಿಮ್ಮ ಹೆಸರಿಗೆ ಧಕ್ಕೆ ಬರಬಾರದು ಅಂತ. ನನ್ನಿಂದ ಆಗಿದ್ದ ಸಾಕ್ರಿ.”

“ನನ್ನ ಹೆಸರು ನಾ ಕಾಯ್ಕೋತೀನಿ. ನೀವು ನಿಮ್ಮ ಬೆಂಚು ಕಾಯ್ಕೋರಿ.”

ಅವನ ಕೈ ಅಭ್ಯಾಸದಂತೆ ಕಿವಿಯ ಕಡೆ ಹೋಯಿತು. ಕಿವಿಯ ಹಿಂದೆ ಪೆನ್ಸಿಲು ಇರಲಿಲ್ಲ. ಚುಕ್ಕಿ ನೋಡಿಯೂ ಹೀಗೆ ನಿಂತಿದ್ದಾನೆ ಎಂದುಕೊಂಡಳು ಸಾಬೀರಾ. ಕೇಳಲು ಮಾನ ಅಡ್ಡ ಬಂತು. ಗಾದಿ ಕಳಿಸುವ ಧೈರ್ಯ ಇತ್ತು, ಬಂದು ಕೂಡುವ ಧೈರ್ಯ ಇಲ್ಲ, ಇಂಥವನಿಗೆ ನಾನು ಮನಸ್ಸು ಕೊಟ್ಟೆನಲ್ಲ ಎಂದು ಬೈದುಕೊಂಡಳು. ಬೈದುಕೊಳ್ಳುತ್ತ ಕಣ್ಣೊರೆಸಿಕೊಂಡು ಕ್ಲಾಸಿಗೆ ಹೋದಳು. ಆ ದಿನಗಳಲ್ಲಿ ಅವಳು ಪಾಠ ಮಾಡಿದಂತೆ ಹಿಂದೆಂದೂ ಮಾಡಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಹುಚ್ಚೀರಪ್ಪನವರು ಟ್ರಂಕಿನ ತಳಕ್ಕೆ ಕೈ ಹಾಕಿ, ಯಾರೂ ಮುಟ್ಟದ ಒಂದು ಸಂಚಿಕೆ ತೆಗೆದು, ಕಣ್ಣು ಮುಚ್ಚಿ ಒಂದು ಪುಟ ತೆರೆದರು. ಹುಡುಗರನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ದನಿ ಕೇಳದಷ್ಟು ದೂರ ಬೇವಿನ ಕಟ್ಟೆಗೆ ಕಳಿಸಿದರು. ಮೊದಲ ಗುಂಪು ಆ ಪುಟ ಓದಿ ಹೇಳಬೇಕು, ಆಮೇಲೆ ಅವರನ್ನು ಹೊರಗೆ ಕೂಡಿಸಿ ಎರಡನೆಯ ಗುಂಪು ಅದೇ ಪುಟ ಓದಬೇಕು. ಇಬ್ಬರದೂ ಒಂದೇ ಆದರೆ ಖರೆ, ಬೇರೆಯಾದರೆ ಬುರುಡೆ. ವ್ಯಾಪಾರಿಯ ಬುದ್ಧಿ ಎಂದರೆ ಇದು.

ಪಡಸಾಲೆಯ ಆ ತುದಿಯಲ್ಲಿ ಲಾಡಸಾಬ, ಈ ತುದಿಯಲ್ಲಿ ಸಾಬೀರಾ. ನಡುವೆ ಖಾಲಿ ಬೆಂಚುಗಳು. ಅವನು ಒಮ್ಮೆ ನೋಡಿದ, ಅವಳು ಮುಖ ತಿರುಗಿಸಿದಳು. ಅವಳು ನೋಡಿದಾಗ ಅವನು ಕಂಬ ನೋಡುತ್ತಿದ್ದ. ಕಿಟಕಿಯಿಂದ ಫಕ್ಕೀರಪ್ಪನ ದನಿ ಕೇಳಿಸಿತು.

“ಗಿಡಾ ಸೊಂಟದ ಮಟಾ ಬೆಳದ ಮ್ಯಾಲ ಕುಡಿ ಚಿವುಟಬೇಕು. ಚಿವುಟಲಿಲ್ಲ ಅಂದ್ರ ಗಿಡಾ ಬರೇ ಎತ್ತರಕ್ಕ ಹೋಗತೈತಿ. ಚಿವುಟಿದ್ರ ಬಲಾ ಎಲ್ಲಾ ಕಾಯಿಗೆ ಬರತೈತಿ. ಮಳಿ ಬಂದ ಮರುದಿನ... ಇಲ್ಲಿ ಚುಕ್ಕಿರೀ.”

“ಏನ್ ಚುಕ್ಕಿ?” ಎಂದರು ಹುಚ್ಚೀರಪ್ಪನವರು.

“ಈ ಅಕ್ಷರ ನಮಗ ಗೊತ್ತಿಲ್ರಿ. ಗೊತ್ತಿಲ್ಲದ್ದಕ್ಕ ಚುಕ್ಕಿ ಇಟ್ಟು ಮುಂದ ಹೋಗ್ತೀವ್ರಿ.”

ಎರಡನೆಯ ಗುಂಪು ಒಳಗೆ ಹೋಯಿತು. ಸಾಬೀರಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಒಬ್ಬ ಹುಡುಗಿಯ ಸಣ್ಣ ದನಿ: ಸೊಂಟದ ಮಟ, ಕುಡಿ, ಚಿವುಟುವುದು, ಬಲವೆಲ್ಲ ಕಾಯಿಗೆ. “ಮಳಿ ಆದ ಮರುದಿನ... ಇದು ಗೊತ್ತಾಗವಲ್ದು. ಚುಕ್ಕಿರೀ.”

ಅದೇ ಸಾಲು, ಅದೇ ಜಾಗ. ಆಮೇಲೆ ಹುಚ್ಚೀರಪ್ಪನವರು ಹೊರಗೆ ಬಂದರು.

“ನಮ್ಮಪ್ಪ ಹೊಲದಾಗ ಹಿಂಗ ಕುಡಿ ಚಿವುಟಾಂವ,” ಎಂದರು. “ಅವರೂ ನಮ್ಮಂಗ ಹೊಲಾ ಮಾಡ್ತಾರಂತ ಇವತ್ತ ತಿಳೀತು. ಎಲ್ಲಾ ಗೊತ್ತೈತಿ ಅಂತ ಬಡಾಯಿ ಕೊಚ್ಚಿದ್ರ ನಾ ನಂಬತಿರ್ಲಿಲ್ಲ. ಎರಡೂ ಕಡೆ ಒಂದ ಜಾಗಾದಾಗ ಗೊತ್ತಿಲ್ಲ ಅಂದ್ರಲ್ಲ, ಅದಕ್ಕ ನಂಬಿದೆ. ಮುಂದಿನ ವರ್ಷ ಕಲಸವಾ. ಕುರ್ಚಿ ಗಿರ್ಚಿ ಬೇಕಾದ್ರ ಕೇಳು. ಗಾದಿ ಮಾತ್ರ ನನ್ನ ಕೇಳಬ್ಯಾಡ.”

ಹುಡುಗರು ಕುಣಿದಾಡಿದರು. ಲಾಡಸಾಬ ಹತ್ತಿರ ಬಂದು, “ಗೆದ್ದ್ರಿ ಮೇಡಂ,” ಎಂದ. ಕಣ್ಣು ತುಂಬಿದ್ದವು. ಅಷ್ಟೇ ಹೇಳಿ ಹೋದ. ಗೆದ್ದ ದಿನ ಸಾಬೀರಾ ಮನೆಗೆ ಹೋಗಿ, ಬಾವಿ ಕಟ್ಟೆಯ ಹಿಂದೆ ಕೂತು ಮನಸಾರೆ ಅತ್ತಳು.

ರವಿವಾರ ಹೊತ್ತೇರುವ ಸಮಯಕ್ಕೆ ಓಣಿಯ ತಿರುವಿನಲ್ಲಿ ಟಾಂಗಾದ ಗೆಜ್ಜೆ ಕೇಳಿಸಿತು. ಕಳಕವ್ವನ ಮಗ್ಗ ಗಪ್ಪನೆ ನಿಂತಿತು. ಟಾಂಗಾದಲ್ಲಿ ಸುರುಳಿ ಸುತ್ತಿದ ಅದೇ ಕೆಂಪಂಚಿನ ಗಾದಿ. ಅದರ ಪಕ್ಕದಲ್ಲಿ ಬಿಳಿ ಗಡ್ಡದ ಇಸ್ಮಾಯಿಲಸಾಬ, ಸಕ್ಕರೆಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡ ಅವನ ಹೆಂಡತಿ ಸುಗ್ರಾಬಿ. ಲಾಡಸಾಬ ಮಾತ್ರ ಓಣಿಯ ಎಲ್ಲರ ಕಣ್ಣೆದುರಿಗೆ ಕಾಲ್ನಡಿಗೆಯಲ್ಲಿ ಬರುತ್ತಿದ್ದ. ಕಿವಿಯ ಹಿಂದೆ ನೀಲಿ ಪೆನ್ಸಿಲು ಇತ್ತು.

ಗುಡುಸಾಬ ಹೊಸ್ತಿಲಲ್ಲಿ ನಿಂತಿದ್ದ. ಇಸ್ಮಾಯಿಲಸಾಬ ಇಳಿದು ಸಲಾಂ ಮಾಡಿದ. “ಅಣ್ಣಾರ, ತಪ್ಪು ನಂದು. ಮಗಾ ಕುಂತು ಓದೂವಂಥಾ ಸಣ್ಣ ಗಾದಿ ಹೇಳಿದ್ದ. ಮದವಿ ಗಾದಿ ಹೊಲದು ಹೊಲದು ಮುದುಕ ಆಗೀನಿ, ನಿಮ್ಮ ಓಣಿ ರೂಢಿ ನನಗ ಗೊತ್ತಿರ್ಲಿಲ್ಲ ಅಂದ್ರ ಅಲ್ಲಾ ಮೆಚ್ಚೂದಿಲ್ಲ. ಮನಿಗೆ ಬಂದಾಗೊಮ್ಮೆ ಮೇಡಂ ಹಂಗಂದ್ರು, ಮೇಡಂ ಹಿಂಗಂದ್ರು ಅಂತ ಇವನ ಹಾಡು ಕೇಳಿ ಕೇಳಿ, ಎಷ್ಟ ದಿನಾ ಕಾಯೂದು ಅಂತ ದೊಡ್ಡದ ಹೊಲದಬಿಟ್ಟೆ. ಮೊದಲ ನಿಮ್ಮನ್ನ ಕೇಳಬೇಕಾಗಿತ್ತು. ಈಗ ಕೇಳಾಕ ಬಂದೀವಿ. ಗಾದಿ ಟಾಂಗಾದಾಗ ಐತಿ. ಇಳಸೂದೋ ಬ್ಯಾಡೋ ನೀವ ಹೇಳ್ರಿ.”

ಗುಡುಸಾಬನ ಮೀಸೆಯ ತುದಿ ಅಲುಗಿತು. ನಗು ತಡೆಯುತ್ತಿದ್ದ. ಒಳಗೆ ತಿರುಗಿ, “ಏನವಾ ಸಾಬೀರಾ? ಮಲಗಾಕಿ ನೀನು. ನೀನ ಹೇಳು,” ಎಂದ.

ಸಾಬೀರಾ ಹೊರಗೆ ಬಂದಳು. ನೆಟ್ಟಗೆ ಲಾಡಸಾಬನ ಮುಂದೆ ನಿಂತಳು. “ಚುಕ್ಕಿ ನೋಡಿ ಇಷ್ಟ ದಿನಾ ಸುಮ್ಮ ಕುಂತಿದ್ರಿ?”

“ನೋಡಿದ್ದ ನಿನ್ನೆರೀ. ಗಾದಿ ಹಮ್ಮಿಗಿಗೆ ವಾಪಸ್ ಹೋದ ಮ್ಯಾಲ ನಾ ಊರಿಗೆ ಹೋಗಿರ್ಲಿಲ್ಲ. ಅದರ ಮಾರಿ ನೋಡೂ ಧೈರ್ಯ ಇರ್ಲಿಲ್ಲ. ನೀವು ಒಲ್ಲೆ ಅಂದ್ರಿ ಅಂತ ತಿಳದಿದ್ದೆ. ನಿನ್ನೆ ಅವ್ವ ಗಾದಿ ಬಿಸಲಿಗೆ ಹಾಕಿದ್ಲು, ಮೂಲ್ಯಾಗ ಚುಕ್ಕಿ ಕಂಡ್ತು.” ಅವನು ಒಂದು ಹೆಜ್ಜೆ ಮುಂದೆ ಬಂದ. “ತಿಳೀಲಾರದಕ್ಕ ಬಿಟ್ಟು ಮುಂದ ಹೋಗಿದ್ದೆ. ಈಗ ವಾಪಸ್ ಬಂದೀನ್ರಿ. ನನಗ ನೀವು ಬೇಕು. ಮೊದಲ್ನೇ ದಿನಾ ಹೊರಗ ಹಾಕಿದ್ರಲ್ಲ, ಅವತ್ತಿಂದ ಬೇಕು.”

ಓಣಿಯ ಮಂದಿ ಇನ್ನಷ್ಟು ಹತ್ತಿರ ಸರಿದರು.

“ನಾ ಪಾಠ ಬಿಡೂದಿಲ್ಲ,” ಎಂದಳು ಸಾಬೀರಾ.

“ಬಿಟ್ರ ನಾ ಯಾರ ಕಡೆ ಕಲೀಲಿ? ಇನ್ನೊಂದು ಟ್ರಂಕು ಹಂಗ ಐತಿ.”

ಅವಳು ಕೈ ನೀಡಿ ಅವನ ಕಿವಿಯ ಹಿಂದಿನ ಪೆನ್ಸಿಲನ್ನು ಎಳೆದುಕೊಂಡಳು. ಬೆರಳು ಅವನ ಕೂದಲಿಗೆ ತಾಗಿತು. ಅಲ್ಲಿದ್ದ ಹತ್ತಿಯ ಎಳೆಯನ್ನೂ ತೆಗೆದಳು. ಟಾಂಗಾದ ಬಳಿ ಹೋಗಿ ಗಾದಿಯ ಮೂಲೆ ಹುಡುಕಿ, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ತಾನೇ ಇಟ್ಟ ಚುಕ್ಕಿಯ ಸುತ್ತ ನಿಧಾನವಾಗಿ, ಎಲ್ಲೂ ಸಂದು ಬಿಡದಂತೆ ಒಂದು ದುಂಡು ಬರೆದಳು.

ಲಾಡಸಾಬ ಅಲ್ಲಿಯೇ, ಓಣಿಯ ನಡುವೆ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕ. ಅಳುತ್ತಿದ್ದನೋ ನಗುತ್ತಿದ್ದನೋ, ಕಳಕವ್ವನಿಗೆ ಗೊತ್ತಾಗಲಿಲ್ಲ.

“ಏನಾತ? ಏನ್ ಬರದ್ಲು? ನಮಗೂ ತಿಳಿಯೂವಂಗ ಹೇಳ್ರೆಪಾ!” ಎಂದು ಅವಳು ಕೂಗಿದಳು.

ಸಾಬೀರಾ ಟಾಂಗಾದವನ ಕಡೆ ತಿರುಗಿದಳು.

“ಗಾದಿ ಒಳಗ ಇಳಸಪಾ,” ಎಂದಳು.